ಸುಮ್ಮನೆ ನೋಡುವುದು

ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಪಾರ್ಟಿಶನ್ ಮೌಂಟ್ ಮಾಡಿದವನಿಗೆ ಎಲ್ಲವೂ ಬಯಲು, ಪಾಸ್‌ವರ್ಡ್ ಬೇಕಿಲ್ಲ. ಯುಇಎಫ್‌ಐನ ಸೆಕ್ಯೂರ್ ಬೂಟ್ ನೋಡುವುದು ಬೂಟ್‌ಲೋಡರಿನ ಸಹಿಯನ್ನಷ್ಟೇ. ಎದುರು ಕೂತವನು ಮಗನೋ ಕಳ್ಳನೋ ಎಂದು ಕೇಳುವುದಿಲ್ಲ.

ಡೊಂಬಿವಲಿಯಲ್ಲಿ ತೀರಿಕೊಂಡ ಹಿರಿಯ ಮಿತ್ರರೊಬ್ಬರ ಉಬುಂಟು ಲ್ಯಾಪ್‌ಟಾಪನ್ನು ಮಗ ತಂದಿದ್ದ, ವಿಮೆಯ ಕಾಗದಕ್ಕಾಗಿ. ತೆಗೆದುಕೊಟ್ಟೆ. ಪಕ್ಕದಲ್ಲೇ ‘ದಿನಚರಿ’ ಎಂಬ ಫೋಲ್ಡರ್. ಸುಮ್ಮನೆ ನೋಡೋಣ ಅಂಕಲ್, ಎಂದ.

ಸುಮ್ಮನೆ ನೋಡುವುದು ಡಿಸ್ಕಿಗೇ ಗೊತ್ತಿಲ್ಲ. ಇಎಕ್ಸ್‌ಟಿ4 ಪಾರ್ಟಿಶನ್ನನ್ನು ರೀಡ್-ಓನ್ಲಿ ಎಂದು ಮೌಂಟ್ ಮಾಡಿದರೂ, ಜರ್ನಲಿನಲ್ಲಿ ಬಾಕಿ ಉಳಿದದ್ದನ್ನು ಕರ್ನಲ್ ಡಿಸ್ಕಿಗೆ ಬರೆದುಬಿಡುತ್ತದೆ. ಬೇಡವೆಂದರೆ ‘ನೋಲೋಡ್’ ಎಂದೂ ಹೇಳಬೇಕು. ಓದಿದ ಮಗನೂ ಮೊದಲಿನಂತೆ ಉಳಿಯುವುದಿಲ್ಲ, ಅವನ ನೆನಪಿನ ಅಪ್ಪನೂ.

ಯಂತ್ರ ಮಗನಿಗೆ ಸೇರಿತು. ಅಪ್ಪ ಯಾರಿಗೂ ತೋರಿಸದೆ ಬರೆದದ್ದೂ ಸೇರಿತೇ? ಬೀಗ ಹಾಕದೆ ಹೋದರಲ್ಲ ಎನ್ನಬಹುದು. ಉಬುಂಟು ಇನ್‌ಸ್ಟಾಲರಿನಲ್ಲಿ ಎನ್‌ಕ್ರಿಪ್ಶನ್ ತಾನಾಗಿ ಆನ್ ಇರುವುದಿಲ್ಲ. ಅದನ್ನು ಅವರ ಒಪ್ಪಿಗೆ ಎನ್ನಲಾರೆ.