ದುಡ್ಡು ಬಂದ ಮನೆ, ಶಾಲೆಗೆ ಹೊರಟ ಮಗು

ದೇವನಹಳ್ಳಿ ಕಡೆ ‘ದುಡ್ಡು ಬಂತು’ ಅಂದರೆ ಜಮೀನು ಹೋಯಿತು ಎಂದೇ ಅರ್ಥ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹಿಪ್ಪುನೇರಳೆ, ದ್ರಾಕ್ಷಿ, ರಾಗಿ ಬೆಳೆಯುತ್ತಿದ್ದ ನೆಲ ಚದರಡಿ ಲೆಕ್ಕಕ್ಕೆ ಬಂತು. ಈ ಭಾಗದ ಶಾಲೆಯಲ್ಲಿ ಪಾಠ ಮಾಡಿದ ನನಗೆ ಅಂಥ ಮನೆಗಳಿಂದ ಮತ್ತೆ ಮತ್ತೆ ಎದುರಾದ ಪ್ರಶ್ನೆ ಒಂದೇ: ‘ಮೇಷ್ಟ್ರೇ, ಮಗೂನ ಸ್ಕೂಲ್ ಬದಲಾಯಿಸ್ಬಿಡೋಣ್ವಾ?’ ಆಗ ಹೇಳಿದ್ದು, ಹೇಳಲಾಗದೆ ಉಳಿದದ್ದು ಎರಡೂ ಇಲ್ಲಿವೆ.

*

ದುಡ್ಡು ಬಂದ ಮನೆಯಲ್ಲಿ ಮೊದಲು ಬದಲಾಗುವುದು ಗೇಟು, ಆಮೇಲೆ ಗಾಡಿ, ಮೂರನೆಯದು ಮಗುವಿನ ಶಾಲೆ. ಗೇಟಿಗೂ ಗಾಡಿಗೂ ಬಿಟ್ಟುಬರಬೇಕಾದ ಗೆಳೆಯರಿರುವುದಿಲ್ಲ.

*

‘ಲಾಟರಿ ಹೊಡೀತು’ ಅನ್ನುತ್ತಾರೆ. ಕರ್ನಾಟಕ 2007ರಲ್ಲೇ ಲಾಟರಿ ನಿಷೇಧಿಸಿತು; ಮಾತು ಉಳಿದುಕೊಂಡಿದೆ. ಲಾಟರಿ ಗೆದ್ದವನು ಕೈಬಿಟ್ಟದ್ದು ಟಿಕೆಟ್ಟಿನ ಕಾಸು. ಪರಿಹಾರ ಪಡೆದವನು ಕೈಬಿಟ್ಟದ್ದು ಅಜ್ಜ ತೋಡಿಸಿದ ಬಾವಿ, ಅಜ್ಜಿ ನೆಟ್ಟ ಹುಣಸೆಮರ. ಬಂದದ್ದನ್ನು ಅದೃಷ್ಟ ಎಂದುಕೊಂಡ ಮನೆ ಬೇಗ ಖರ್ಚು ಮಾಡುತ್ತದೆ. ನೆಲ ಎಂದುಕೊಂಡ ಮನೆ ಅದರಲ್ಲಿ ಏನು ಬಿತ್ತಬೇಕು ಎಂದು ಯೋಚಿಸುತ್ತದೆ.

*

2013ರ ಭೂಸ್ವಾಧೀನ ಕಾಯ್ದೆಯ ಹೆಸರಿನಲ್ಲೇ ಪರಿಹಾರದ ಜೊತೆಗೆ ಪುನರ್ವಸತಿ ಎಂಬ ಮಾತೂ ಇದೆ. ಪರಿಹಾರ ಅಪ್ಪನ ಖಾತೆಗೆ ಜಮೆಯಾಗುತ್ತದೆ. ಮಗುವಿನ ಮನಸ್ಸಿನ ಪುನರ್ವಸತಿಗೆ ಯಾವ ಕಚೇರಿಯಲ್ಲೂ ಅರ್ಜಿ ಫಾರಂ ಇಲ್ಲ; ಅದು ಮನೆಯಲ್ಲಿ, ಶಾಲೆಯಲ್ಲಿ ಆಗಬೇಕು.

*

ಒಂದೇ ವರ್ಷದಲ್ಲಿ ಮಗು ಹೊಲ ಕಳೆದುಕೊಂಡಿರುತ್ತದೆ, ದನದ ಕೊಟ್ಟಿಗೆ ಕಳೆದುಕೊಂಡಿರುತ್ತದೆ, ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತ ಮಲಗುತ್ತಿದ್ದ ಮನೆಯನ್ನೂ ಕಳೆದುಕೊಂಡಿರುತ್ತದೆ. ನಿನ್ನೆ ಇದ್ದ ಹಾಗೇ ಇವತ್ತೂ ಇರುವುದು ಶಾಲೆಯೊಂದೇ. ಅದನ್ನೂ ಅದೇ ವರ್ಷ ಬಿಡಿಸಬೇಡಿ. ಸಸಿ ಕಿತ್ತು ನೆಡುವವರು ಬುಡದ ಮಣ್ಣು ಉದುರದಂತೆ ಎತ್ತುತ್ತಾರೆ.

*

ಟಿಸಿ ಮುಂದಿನ ಜೂನ್‌ನಲ್ಲೂ ಸಿಗುತ್ತದೆ. ಒಂದು ವರ್ಷ ಕಾದದ್ದರಿಂದ ಯಾವ ಮಗುವಿನ ಬದುಕೂ ಹಿಂದೆ ಬಿದ್ದದ್ದನ್ನು ನಾನು ಕಂಡಿಲ್ಲ.

*

ನಾಲ್ಕನೇ ತರಗತಿಯ ಹುಡುಗನೊಬ್ಬ. ನೂರು ಮೊಟ್ಟೆ ರೇಷ್ಮೆಹುಳುವಿಗೆ ಗೂಡು ಕಟ್ಟಲು ಎಷ್ಟು ಚಂದ್ರಂಕಿ ಬೇಕು, ಗೂಡು ಬಿಡಿಸಿದರೆ ಎಷ್ಟು ಕೆಜಿ ಆದೀತು, ಮಾರ್ಕೆಟ್ಟಿನಲ್ಲಿ ಎಷ್ಟು ಸಿಕ್ಕೀತು ಎಂದು ಬಾಯಲ್ಲೇ ಲೆಕ್ಕ ಹೇಳುತ್ತಿದ್ದ. ಜಮೀನು ಹೋದ ವರ್ಷ ಅವನಿಗೆ ಟೈ ಬಂತು, ಶೂ ಬಂತು, ಮನೆ ಬಾಗಿಲಿಗೆ ಹಳದಿ ಬಸ್ಸು ಬಂತು. ಎರಡು ತಿಂಗಳು ಕಳೆದ ಮೇಲೆ ಅವನ ತಾಯಿ ದಾರಿಯಲ್ಲಿ ಸಿಕ್ಕಿ ಹೇಳಿದರು: ‘ನೀರಿನ ಬಾಟ್ಲು ತುಂಬಿಸಿ ಕಳಿಸ್ತೀನಿ ಮೇಷ್ಟ್ರೇ. ತುಂಬಿದ್ದು ತುಂಬಿದಂಗೇ ವಾಪಸ್ ಬರುತ್ತೆ.’ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ನೀರು ಕುಡಿದರೆ ಹೊರಗೆ ಹೋಗಬೇಕಾಗುತ್ತದೆ. ಹೊರಗೆ ಹೋಗಬೇಕಾದರೆ ಇಂಗ್ಲಿಷಿನಲ್ಲಿ ಕೇಳಬೇಕು. ಅದಕ್ಕೇ ಕುಡಿಯುವುದನ್ನು ಬಿಟ್ಟಿದ್ದ.

*

ಹೊಸ ಭಾಷೆ ಮಕ್ಕಳಿಗೆ ಹೊರೆಯಾಗುವುದಿಲ್ಲ. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳು ಎಷ್ಟೋ ಇದ್ದಾರೆ, ಮೂರನೆಯದನ್ನೂ ಕಲಿಯುತ್ತಾರೆ. ಗೊತ್ತಿರುವುದನ್ನು ಹೇಳಲು ಬಾಯಿಲ್ಲದಂತಾಗುತ್ತದಲ್ಲ, ಆ ನಡುವಿನ ದಿನಗಳೇ ಹೊರೆ. ಆ ದಿನಗಳಲ್ಲಿ ಯಾರು ಕೈಹಿಡಿಯುತ್ತಾರೆ ಎಂದು ಸೇರಿಸುವ ಮೊದಲೇ ಕೇಳಿಕೊಳ್ಳಿ.

*

ಮಗು ಯಾವ ಮಾಧ್ಯಮದಲ್ಲಿ ಓದಬೇಕೆಂದು ಆರಿಸುವ ಹಕ್ಕು ತಂದೆತಾಯಿಯದು ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟಿತು. ಮಗುವಿನ ಪರವಾಗಿ ಸಿಕ್ಕ ಹಕ್ಕು ಅದು. ಅದನ್ನು ಬಳಸುವ ರಾತ್ರಿಯಾದರೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ನಿನಗೇನನ್ನಿಸುತ್ತೆ ಕಂದ?’ ಎಂದು ಕೇಳಬೇಕು.

*

‘ಯಾವ ಶಾಲೆ?’ ಎಂಬ ಪ್ರಶ್ನೆಗೆ ಊರೆಲ್ಲ ಉತ್ತರ ಕೊಡುತ್ತದೆ. ‘ಯಾಕೆ?’ ಎಂಬ ಪ್ರಶ್ನೆಗೆ ಮನೆಯವರೇ ಉತ್ತರ ಹುಡುಕಬೇಕು.

*

ಮಗುವನ್ನು ಸೇರಿಸಬೇಕೆಂದಿರುವ ಶಾಲೆಯ ಹೆಸರನ್ನು ನೆಂಟರಿಗೂ ಬೀದಿಯವರಿಗೂ ಯಾವತ್ತೂ ಹೇಳುವ ಹಾಗಿಲ್ಲ ಎಂದಿಟ್ಟುಕೊಳ್ಳಿ. ಆಗಲೂ ಅಲ್ಲಿಗೇ ಸೇರಿಸುತ್ತೀರಾದರೆ ಧೈರ್ಯವಾಗಿ ಸೇರಿಸಿ.

*

ಬದಲಾಯಿಸಲೇಬೇಕಾದ ಸಂದರ್ಭಗಳೂ ಇವೆ. ಐದು ತರಗತಿಗೆ ಒಬ್ಬರೇ ಮೇಷ್ಟ್ರಿದ್ದರೆ, ಹೈಸ್ಕೂಲಿನಲ್ಲಿ ವರ್ಷವಿಡೀ ಗಣಿತ ಹೇಳುವವರಿಲ್ಲದಿದ್ದರೆ, ಕಿವಿ ಮಂದವಾದ ಮಗುವನ್ನು ದಡ್ಡ ಎಂದು ಹಿಂದಿನ ಬೆಂಚಿಗೆ ಕಳಿಸಿದ್ದರೆ, ಅಲ್ಲಿಂದ ಕರೆದುಕೊಂಡು ಬನ್ನಿ. ಕೈಯಲ್ಲಿ ದುಡ್ಡಿದ್ದೂ ಮಗುವಿನ ಕೊರತೆಯನ್ನು ಹಾಗೇ ಬಿಡುವುದು ಮಿತವ್ಯಯ ಅನ್ನಿಸಿಕೊಳ್ಳುವುದಿಲ್ಲ.

*

ಕೊರತೆ ನೋಡಿ ಶಾಲೆ ಬದಲಾಯಿಸಿದವರಿಗೆ ಹೊಸ ಶಾಲೆಯಲ್ಲಿ ಏನು ಕೇಳಬೇಕೆಂದು ಗೊತ್ತಿರುತ್ತದೆ. ಕಟ್ಟಡ ನೋಡಿ ಬದಲಾಯಿಸಿದವರು ಎಷ್ಟು ಕಟ್ಟಬೇಕು ಎಂದಷ್ಟೇ ಕೇಳಿ ಬರುತ್ತಾರೆ.

*

ಒಂದು ಲೆಕ್ಕ. ವರ್ಷಕ್ಕೆ 3 ಲಕ್ಷ ಫೀಸಿನ ಶಾಲೆ. ಹನ್ನೆರಡು ವರ್ಷಕ್ಕೆ 36 ಲಕ್ಷ ಅನ್ನಿಸುತ್ತದೆ. ಫೀಸು ವರ್ಷವರ್ಷವೂ ನೂರಕ್ಕೆ ಹತ್ತರಂತೆ ಏರಿದರೆ ಅದೇ ಹನ್ನೆರಡು ವರ್ಷಕ್ಕೆ 64 ಲಕ್ಷ ದಾಟುತ್ತದೆ. ಇಬ್ಬರು ಮಕ್ಕಳಾದರೆ ಒಂದೂಕಾಲು ಕೋಟಿಗೂ ಮೇಲೆ. ಪರಿಹಾರ ಒಂದು ಸಲ ಬರುತ್ತದೆ. ಫೀಸಿನ ಚೀಟಿ ಪ್ರತಿ ವರ್ಷ ಬರುತ್ತದೆ.

*

ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಎಂದರು ಹಿರಿಯರು. ಕೂತು ಫೀಸು ಕಟ್ಟಿದರೂ ಅಷ್ಟೇ. ಹೊನ್ನಿನ ಒಂದು ಪಾಲು ದುಡಿಯುತ್ತಿರಬೇಕು, ಆಗ ಓದೂ ಸಾಗುತ್ತದೆ.

*

ಏರುವುದಕ್ಕಿಂತ ಇಳಿಯುವುದು ಕಷ್ಟ. ಎಂಟನೇ ತರಗತಿಯಲ್ಲಿ ದುಡ್ಡು ಮುಗಿದು ಹಳೆಯ ಶಾಲೆಗೆ ವಾಪಸಾದ ಮಗು, ತನ್ನದಲ್ಲದ ಸೋಲನ್ನು ತನ್ನದೇ ಎಂದುಕೊಂಡು ತಲೆ ತಗ್ಗಿಸಿ ಕೂರುತ್ತದೆ. ಹತ್ತನೇ ತರಗತಿ ಮುಗಿಯುವವರೆಗಿನ ಹಣವನ್ನು ಎತ್ತಿಟ್ಟ ಮೇಲೆ ಮೊದಲ ಕಂತು ಕಟ್ಟಿ.

*

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ಪರಿಹಾರದ ಕಾಗದಕ್ಕೆ ಸಹಿ ಬೇಕಾದಾಗ ಮಗಳು ನೆನಪಾಗುತ್ತಾಳೆ. ಶಾಲೆ ಆರಿಸುವಾಗ ಮಗ ಮಾತ್ರ ನೆನಪಾಗುತ್ತಾನೆ.

*

ಅಣ್ಣ ಬಸ್ಸಿನಲ್ಲಿ ಹೋಗುತ್ತಾನೆ, ತಂಗಿ ಅದೇ ಗೇಟಿನಿಂದ ನಡೆದು ಹೋಗುತ್ತಾಳೆ. ನಡೆದು ಹೋಗುವ ಶಾಲೆ ಕೆಟ್ಟದ್ದೇನಲ್ಲ. ಆದರೆ ತನ್ನ ಬೆಲೆ ಎಷ್ಟು ಎಂಬುದನ್ನು ಆ ಹುಡುಗಿ ಪುಸ್ತಕ ಬಿಚ್ಚುವ ಮೊದಲೇ ಕಲಿತಿರುತ್ತಾಳೆ. ಬದಲಾಯಿಸುವುದಾದರೆ ಇಬ್ಬರಿಗೂ, ಇಲ್ಲವಾದರೆ ಇಬ್ಬರಿಗೂ ಬೇಡ.

*

ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲೇ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, 2015ರಿಂದ ಇದೆ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದು, ಹತ್ತನೇ ತರಗತಿ ಪಾಸಾದ ಮೇಲೆ ಅಥವಾ ಹದಿನೆಂಟು ತುಂಬಿದ ಮೇಲೆ ಮುಂದಿನ ಓದಿಗೆ ಅದರಲ್ಲಿ ಅರ್ಧದವರೆಗೆ ತೆಗೆಯಬಹುದು. ದುಡ್ಡು ಬಂದ ವಾರ ಚಿನ್ನದಂಗಡಿಗೆ ಹೋದವರು ಅಂಚೆ ಕಚೇರಿಗೂ ಹೋಗಿ ಬರಲಿ.

*

ಸಣ್ಣ ದುಡ್ಡು ಕೊಳ್ಳುವ ದೊಡ್ಡ ವಸ್ತುಗಳಿವೆ: ಬೋರ್ಡು ಕಾಣದ ಮಗುವಿಗೆ ಕನ್ನಡಕ, ಓದುವ ಮೂಲೆಗೊಂದು ಬಲ್ಬು, ಮನೆಗೆ ದಿನಾ ಬರುವ ಪೇಪರು, ತಿಂಗಳಿಗೆರಡು ಕಥೆಪುಸ್ತಕ. ಇವುಗಳನ್ನು ಕೊಂಡು ಆರು ತಿಂಗಳು ನೋಡಿ. ಎಷ್ಟೋ ಸಲ ಶಾಲೆಯದು ಎಂದುಕೊಂಡಿದ್ದ ಕೊರತೆ ಮನೆಯದಾಗಿರುತ್ತದೆ.

*

ಶಾಲೆ ಬದಲಾಯಿತು, ಸಂಜೆ ಏಳು ಗಂಟೆ ಬದಲಾಗಲಿಲ್ಲ. ಟಿವಿ ಅದೇ ಜೋರಿನಲ್ಲಿ ಓಡುತ್ತಿತ್ತು. ಮಗುವಿನ ಪಕ್ಕದಲ್ಲಿ ಯಾರೂ ಕೂರಲಿಲ್ಲ.

*

ಹೊಲ ಹೋದ ಅಪ್ಪನಿಗೆ ಈಗ ಬೆಳಿಗ್ಗೆ ನೀರು ಕಟ್ಟುವ ಕೆಲಸವಿಲ್ಲ, ಸೊಪ್ಪು ಕೊಯ್ಯುವ ಅವಸರವಿಲ್ಲ. ದುಡ್ಡಿನ ಜೊತೆಗೆ ಅವನಿಗೆ ಹೊತ್ತೂ ಬಂದಿದೆ. ಮಗುವಿಗೆ ದುಡ್ಡಿಗಿಂತ ಆ ಹೊತ್ತು ಬೇಕು.

*

ಹೊಸ ಶಾಲೆಯಲ್ಲಿ ಪೋಷಕರ ಸಭೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ ರೈತರೊಬ್ಬರು ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಡ್ರೈವರುಗಳ ಜೊತೆ ನಿಂತುಬಿಟ್ಟರು. ಮಗಳು ಬಂದು ಕೈಹಿಡಿದು ಎಳೆದರೂ ‘ನೀನ್ ಹೋಗವ್ವ, ಅಮ್ಮ ಬರ್ತಾಳೆ’ ಅಂದರು. ಅಮ್ಮ ಕಾರಿನಿಂದ ಇಳಿದೇ ಇರಲಿಲ್ಲ. ನಮ್ಮ ಶಾಲೆಯಲ್ಲಿ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಾಗಿ ಮೇಜು ಗುದ್ದಿ ಮಾತಾಡುತ್ತಿದ್ದವರು ಅವರು.

*

ಅಪ್ಪ ಅಮ್ಮ ತಮ್ಮ ಮಾತಿನಲ್ಲೇ, ತಮ್ಮ ನಡಿಗೆಯಲ್ಲೇ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಮಗುವಿನ ಬಗ್ಗೆ ಕೇಳಬಹುದಾದ ಶಾಲೆಯನ್ನು ಆರಿಸಿ. ಹೆತ್ತವರನ್ನು ಗೇಟಿನ ಹೊರಗೆ ನಿಲ್ಲಿಸುವ ಶಾಲೆ ಮಗುವಿನ ಅರ್ಧವನ್ನೂ ಹೊರಗೇ ನಿಲ್ಲಿಸಿರುತ್ತದೆ.

*

ಒಂದೇ ಬೀದಿ, ಎರಡು ಸರ್ವೆ ನಂಬರು. ಒಂದು ಭೂಸ್ವಾಧೀನದ ನೋಟಿಫಿಕೇಶನ್ನಿನಲ್ಲಿತ್ತು, ಇನ್ನೊಂದು ಇರಲಿಲ್ಲ. ಆ ಗೆರೆ ಎಳೆದದ್ದು ಜಮೀನಿನ ಮೇಲೆ. ಅದನ್ನು ಇಬ್ಬರು ಗೆಳೆಯರ ನಡುವೆ ಎಳೆದವರು ನಾವು.

*

ಹೊಲ ಇದ್ದವರಿಗೆ ಪರಿಹಾರ ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಕೆಲಸ ಹೋಯಿತು. ಅವರ ಮಕ್ಕಳೂ ನಮ್ಮ ತರಗತಿಯಲ್ಲಿದ್ದರು. ಒಂದು ಬೆಂಚಿನ ಮೇಲೆ ಆ ಎರಡೂ ಮನೆಗಳ ಮಕ್ಕಳು ಕೂತಿದ್ದಷ್ಟು ಕಾಲ ದುಡ್ಡು ಅಂದರೇನು ಎಂಬ ಪಾಠಕ್ಕೆ ಬೇರೆ ಪುಸ್ತಕ ಬೇಕಾಗಿರಲಿಲ್ಲ.

*

ಕರ್ನಾಟಕದಲ್ಲಿ ಬಿಸಿಯೂಟ ಶುರುವಾದದ್ದು 2002ರಲ್ಲಿ, ಕ್ಷೀರಭಾಗ್ಯದ ಹಾಲು 2013ರಲ್ಲಿ. ‘ನಮಗ್ಯಾಕೆ ಇನ್ನು ಸರ್ಕಾರದ ಊಟ?’ ಅನ್ನುವವರಿದ್ದಾರೆ. ಸಾಲಾಗಿ ಕೂತು, ಪಕ್ಕದವನ ತಟ್ಟೆಗೂ ಬಡಿಸಲಿ ಎಂದು ಕಾಯ್ದು, ಆಮೇಲೆ ಕೈಯಿಡುವುದನ್ನು ಮಗು ಅಲ್ಲಿ ಕಲಿಯುತ್ತದೆ. ಹೊಟ್ಟೆ ತುಂಬಿದ ಮನೆಯ ಮಗುವಿಗೇ ಈ ಕಲಿಕೆ ಹೆಚ್ಚು ಬೇಕು.

*

ನಮ್ಮ ಎಷ್ಟೋ ಸರ್ಕಾರಿ ಶಾಲೆಗಳು ನಿಂತಿರುವುದು ಊರಿನ ಯಾರೋ ಹಿರಿಯರು ದಾನ ಕೊಟ್ಟ ನೆಲದ ಮೇಲೆ. ಆಗ ಅವರ ಕೈಯಲ್ಲಿ ದುಡ್ಡಿರಲಿಲ್ಲ, ನೆಲವಿತ್ತು, ಇದ್ದದ್ದನ್ನು ಕೊಟ್ಟರು. ಈಗ ನೆಲವಿಲ್ಲ, ದುಡ್ಡಿದೆ. ಮಗುವನ್ನು ಬೇರೆ ಕಡೆ ಸೇರಿಸಿದರೂ ಹಳೆಯ ಶಾಲೆಯ ಸೋರುವ ಮಾಡಿಗೆ ಹೊಸ ಶೀಟು ಹಾಕಿಸಬಹುದು.

*

ಅನುಕೂಲಸ್ಥರ ಮಕ್ಕಳು ಬಿಟ್ಟುಹೋದಾಗ ಸರ್ಕಾರಿ ಶಾಲೆ ಕಳೆದುಕೊಳ್ಳುವುದು ನಾಲ್ಕು ಹಾಜರಾತಿಯನ್ನಷ್ಟೇ ಅಲ್ಲ. ‘ಮೇಷ್ಟ್ರು ಯಾಕೆ ಬಂದಿಲ್ಲ?’ ಎಂದು ಬಿಇಒ ಕಚೇರಿಗೆ ಹೋಗಿ ಕೇಳುವ ಗಂಟಲನ್ನೂ ಕಳೆದುಕೊಳ್ಳುತ್ತದೆ. ಉಳಿದವರು ಮೆಲ್ಲಗೆ ಮಾತಾಡುವವರು.

*

ನಂದಿಬೆಟ್ಟದ ಸುತ್ತಮುತ್ತ ಹುಟ್ಟಿದವರ ಓದು ಎಂಥದ್ದು! ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಕಾಲೇಜು ಓದಿದರು. ಗೌರಿಬಿದನೂರಿನ ಹತ್ತಿರದ ಹೊಸೂರಿನ ಎಚ್. ನರಸಿಂಹಯ್ಯನವರು ಓದಬೇಕೆಂದು ಬೆಂಗಳೂರಿಗೆ ನಡೆದೇ ಬಂದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈ ಮಾತನ್ನು ತರಗತಿಯಲ್ಲಿ ನಾನೂ ನೂರು ಸಲ ಹೇಳಿದ್ದೇನೆ.

*

ಅದರ ಜೊತೆಗೆ ಇದನ್ನೂ ಹೇಳಬೇಕು. ಬಡತನದಲ್ಲಿ ಓದಿ ದೊಡ್ಡವರಾದವರನ್ನು ಎಣಿಸುವ ನಾವು, ಬಡತನದಿಂದ ಓದು ಬಿಟ್ಟವರನ್ನು ಎಣಿಸುವುದಿಲ್ಲ. ನಡೆದು ಬಂದವರು ದೊಡ್ಡವರು. ನಡೆಯಲಾಗದೆ ನಿಂತವರಿಗಾಗಿಯೇ ದುಡ್ಡು ಇರುವುದು.

*

ಬಿಹಾರದ ಸುಶೀಲ್ ಕುಮಾರ್ 2011ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ಐದು ಕೋಟಿ ಗೆದ್ದರು. ಆಮೇಲಿನ ಕೆಲವು ವರ್ಷ ತಾವು ಹಾದಿ ತಪ್ಪಿದ್ದನ್ನು ಅವರೇ ಬರೆದುಕೊಂಡರು. 2023ರಲ್ಲಿ ಶಿಕ್ಷಕರ ನೇಮಕಾತಿ ಪರೀಕ್ಷೆ ಬರೆದು ಮೇಷ್ಟ್ರಾದರು. ಕೋಟಿ ತಂದುಕೊಟ್ಟದ್ದೂ ಓದು, ಕೋಟಿಯ ಸುಳಿಯಿಂದ ದಡಕ್ಕೆ ತಂದದ್ದೂ ಓದು.

*

ಇದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ರೈತರು ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದರು. 1,777 ಎಕರೆಯ ಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಅಲ್ಲಿನ ಮಕ್ಕಳು ಅಪ್ಪ ಅಮ್ಮ ದುಡ್ಡು ಬೇಡ ಅನ್ನುವುದನ್ನು ಕಣ್ಣಾರೆ ಕಂಡಿದ್ದಾರೆ. ದುಡ್ಡು ಪಡೆದ ಮನೆಯ ಮಕ್ಕಳೂ ಒಂದನ್ನು ಕಾಣಲಿ: ಪಡೆದದ್ದಕ್ಕೆ ಒಂದು ಮಿತಿ ಇದೆ, ಅದನ್ನು ಹಾಕಿದವರು ನಮ್ಮಪ್ಪ ಅಮ್ಮನೇ ಎಂಬುದನ್ನು.

*

ದುಡ್ಡು ಎಲ್ಲಿಂದ ಬಂತೆಂದು ಮಗುವಿಗೆ ಹೇಳಿ. ಒಂದು ಭಾನುವಾರ ಹಳೆಯ ಹೊಲದ ಕಡೆ ಕರೆದುಕೊಂಡು ಹೋಗಿ ಈಗಿನ ಕಾಂಪೌಂಡಿನ ಆಚೆ ಕೈತೋರಿಸಿ: ‘ಅಲ್ಲಿ ನಮ್ಮ ಹೊಲ ಇತ್ತು. ನಿನ್ನ ಫೀಸು ಅಲ್ಲಿಂದ ಬರುತ್ತಿದೆ.’ ಆ ಮಗು ಪುಸ್ತಕವನ್ನು ಬೇರೆ ಥರ ಹಿಡಿಯುತ್ತದೆ.

*

‘ನಿನಗಾಗಿ ಇಷ್ಟು ಸುರಿದಿದ್ದೇವೆ’ ಎಂದು ಮಾತ್ರ ಹೇಳಬೇಡಿ. ನೆಲದ ನೆನಪು ಮಗುವಿಗೆ ಬೇರಿನಂತಾಗುತ್ತದೆ. ಸುರಿದದ್ದರ ಲೆಕ್ಕ ಸಾಲವಾಗುತ್ತದೆ.

*

ನೀರು ಕುಡಿಯುವುದನ್ನೇ ಬಿಟ್ಟಿದ್ದ ಆ ಹುಡುಗನ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಹೊಸ ಶಾಲೆಯಲ್ಲಿ ಒಬ್ಬ ಮಿಸ್ ಇದ್ದರು, ಕೋಲಾರದ ಕಡೆಯವರು. ತಾಯಿ ಅಂಜುತ್ತ ಹೋಗಿ ಬಾಟಲಿಯ ವಿಷಯ ಹೇಳಿಕೊಂಡರು. ಮರುದಿನ ಆ ಮಿಸ್ ಹುಡುಗನ ಬೆಂಚಿನ ಹತ್ತಿರ ಬಗ್ಗಿ, ‘ಹೊರಗೆ ಹೋಗಬೇಕು ಅನ್ನಿಸಿದ್ರೆ ಕೈ ಎತ್ತು ಸಾಕು ಮಗ, ಕನ್ನಡದಲ್ಲೇ ಹೇಳು’ ಅಂದರಂತೆ. ಅಷ್ಟೇ ನಡೆದದ್ದು. ಅದಕ್ಕೆ ಫೀಸಿರಲಿಲ್ಲ.

*

ಆದ್ದರಿಂದ ಶಾಲೆ ಬದಲಾಯಿಸೋಣವೇ ಎಂದು ಈಗ ಕೇಳುವವರಿಗೆ ನಾನು ಹೌದು ಎಂದಾಗಲಿ ಬೇಡ ಎಂದಾಗಲಿ ಹೇಳುವುದಿಲ್ಲ. ಹಳೆಯ ಶಾಲೆಯಲ್ಲೇ ಉಳಿಸಿ, ಇಲ್ಲವೇ ಹೊಸದಕ್ಕೇ ಸೇರಿಸಿ. ಸಂಜೆ ಮಗು ಬ್ಯಾಗು ಇಳಿಸಿದ ಮೇಲೆ ಮಾರ್ಕ್ಸ್ ಕಾರ್ಡು ಕೇಳುವ ಮೊದಲು ನೀರಿನ ಬಾಟಲಿಯನ್ನು ಕೈಗೆತ್ತಿಕೊಂಡು ನೋಡಿ. ಮಿಸ್ ಮಾತಾಡಿದ ಮರುದಿನ ಆ ಹುಡುಗನ ಬಾಟಲಿ ಖಾಲಿಯಾಗಿ ಮನೆಗೆ ಬಂತು. ಅದನ್ನು ಬಗ್ಗಿಸಿ ಹಿಡಿದು, ಒಂದು ಹನಿಯೂ ಬೀಳದ್ದನ್ನು ನೋಡಿ, ಆ ತಾಯಿ ಅತ್ತರಂತೆ.