ವಾಸಿ ಮತ್ತು ನೆಮ್ಮದಿ

ಮಂಡಿಯ ಎಲುಬುಗಳ ತುದಿಗೆ ನುಣ್ಣಗೆ ಅಂಟಿಕೊಂಡಿರುವ ಮೃದ್ವಸ್ಥಿಗೆ ರಕ್ತನಾಳವಿಲ್ಲ, ನರವೂ ಇಲ್ಲ. ಕೀಲಿನೊಳಗಿನ ದ್ರವದಿಂದಲೇ ಅದರ ಪೋಷಣೆ. ಸವೆಯುವಾಗ ಅದಕ್ಕೆ ನೋಯುವುದಿಲ್ಲ. ಅಡಿಯ ಎಲುಬು, ಸುತ್ತಲಿನ ಪೊರೆ ಕೆರಳಿದ ಮೇಲೆ ನಮಗೆ ನೋಯುತ್ತದೆ. ಒಮ್ಮೆ ಹಾಳಾದ ಮೃದ್ವಸ್ಥಿ ಮರಳಿ ಬಾರದೆಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಆ ಮಾತು ಇನ್ನೂ ಸುಳ್ಳಾಗಿಲ್ಲ.

ಹಾಗಿರುವಾಗ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಹೊಸದಾಗಿ ಬೆಳೆಯುತ್ತದೆ ಎಂದರೆ ಯಾರಿಗೆ ಆಸೆಯಾಗದು? ನೆಲದಿಂದ ಏಳಲು ಒಂದು ಅಂಗೈ ನೆಲಕ್ಕೂ ಇನ್ನೊಂದು ತೊಡೆಗೂ ಊರಿ, ಅರ್ಧ ಎದ್ದು, ತುಟಿ ಕಚ್ಚಿ ಅಲ್ಲೇ ತಡೆದು ನಿಲ್ಲುವವರು ನಮ್ಮ ಮನೆಮನೆಯಲ್ಲೂ ಇದ್ದಾರೆ. ಪಂಕ್ತಿಯಲ್ಲಿ ಎಲೆಯ ಮುಂದೆ ಕೂರಲಾಗದೆ ಟೇಬಲ್ಲಿನ ಕಡೆ ನಡೆಯುವಾಗಿನ ಅವರ ಸಂಕೋಚ ಎಕ್ಸ್‌ರೇಯಲ್ಲಿ ಬೀಳುವುದಿಲ್ಲ.

ಅಮೆರಿಕದಲ್ಲಿ ಮಂಡಿ ಸವೆದ 475 ಮಂದಿಯ ಮೇಲೆ ನಡೆದ ಇಂಥ ಇಂಜೆಕ್ಷನ್ನಿನ ಪ್ರಯೋಗವೊಂದರ ಫಲಿತಾಂಶ 2023ರಲ್ಲಿ ಬಂತು. ಕೆಲವರಿಗೆ ಅವರದೇ ಮೂಳೆಮಜ್ಜೆಯ ಕೋಶ, ಕೆಲವರಿಗೆ ಅವರದೇ ಕೊಬ್ಬಿನದು, ಇನ್ನು ಕೆಲವರಿಗೆ ಹೊಕ್ಕುಳಬಳ್ಳಿಯದು, ಉಳಿದವರಿಗೆ ಹಳೆಯ ಸ್ಟಿರಾಯ್ಡ್. ವರ್ಷ ಕಳೆದಾಗ ನಾಲ್ಕೂ ಗುಂಪಿನಲ್ಲಿ ನೋವು ಇಳಿದಿತ್ತು. ಕೋಶ ಪಡೆದವರಿಗೆ ಸ್ಟಿರಾಯ್ಡಿನವರಿಗಿಂತ ಹೆಚ್ಚೇನೂ ಸಿಕ್ಕಿರಲಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ, ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು 146 ಮಂದಿಯ ಪ್ರಯೋಗದಲ್ಲಿ ಪರೀಕ್ಷಿಸಿತು. ಒಂದು ಇಂಜೆಕ್ಷನ್ನಿಗೆ ಎರಡೂವರೆ ಕೋಟಿ ಕೋಶ. ಅಲ್ಲಿ ಕೋಶ ಪಡೆಯದವರಿಗಿಂತ ಪಡೆದವರಿಗೇ ನೋವು ಹೆಚ್ಚು ಇಳಿಯಿತು. 2022ರಲ್ಲಿ ಸರ್ಕಾರದ ಅನುಮತಿಯೂ ದೊರೆಯಿತು. ಆದರೆ ನೋವು ಇಳಿಯುವುದು ಬೇರೆ, ಸವೆದದ್ದು ತುಂಬಿಕೊಳ್ಳುವುದು ಬೇರೆ. ಒಳಹೋದ ಕೋಶಗಳಲ್ಲಿ ಹೆಚ್ಚಿನವು ಬಹುಕಾಲ ಉಳಿಯುವುದೂ ಇಲ್ಲ. ಇರುವಷ್ಟು ದಿನ ಅವು ಸ್ರವಿಸುವ ರಾಸಾಯನಿಕಗಳು ಉರಿಯೂತವನ್ನು ತಣಿಸುತ್ತವೆ ಎಂಬುದು ಈಗಿನ ತಿಳಿವಳಿಕೆ.

ನನ್ನನ್ನು ಹಿಡಿದು ನಿಲ್ಲಿಸುವುದು ಅಮೆರಿಕದ ಆ ನಾಲ್ಕೂ ಗುಂಪಿನವರ ನೋವು ಇಳಿದ ಸಂಗತಿ. ನೋವು ವಿಪರೀತವಾದಾಗಲೇ ಜನ ಆಸ್ಪತ್ರೆಗೆ ಬರುತ್ತಾರೆ, ಆಮೇಲೆ ಅದು ತಾನೇ ತುಸು ಇಳಿಯುತ್ತದೆ. ಯಾರೋ ಮಂಡಿ ಮುಟ್ಟಿ ನೋಡಿದರು, ಕೇಳಿದರು, ಏನೋ ಕೊಟ್ಟರು ಎಂಬುದೂ ಕೆಲಸ ಮಾಡುತ್ತದೆ. ಈ ಇಳಿಕೆಯನ್ನು ಭ್ರಮೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಎಕ್ಸ್‌ರೇಯಲ್ಲಿ ಪೂರ್ತಿ ಸವೆದ ಮಂಡಿಯವರು ಆರಾಮಾಗಿ ನಡೆಯುವುದುಂಟು, ಅಲ್ಪಸ್ವಲ್ಪ ಸವೆದವರು ರಾತ್ರಿಯಿಡೀ ನರಳುವುದೂ ಉಂಟು. ವಾಸಿಯಾಗದೆಯೂ ದೇಹ ನೆಮ್ಮದಿ ಕಾಣಬಲ್ಲದು. ವಯಸ್ಸು ಹಿಂದಕ್ಕೆ ಬಂದರೆ ಮಾತ್ರ ಸುಖವೆಂದುಕೊಂಡವರಿಗೆ ಇದು ಸಣ್ಣ ಸಮಾಧಾನವಲ್ಲ.

ಅದಕ್ಕೇ "ಮಂಡಿ ಹೊಸದಾಗುತ್ತೆ" ಎಂಬ ಜಾಹೀರಾತು ನನ್ನನ್ನು ನೋಯಿಸುತ್ತದೆ. ಠೇವಣಿ ಮುರಿಸಿ ಚುಚ್ಚಿಸಿಕೊಂಡವರಿಗೆ ಮಳೆಗಾಲದ ಹೊತ್ತಿಗೆ ನೋವು ಮರುಕಳಿಸಿದರೆ ಅವರು ದೂರುವುದು ಮಾರಿದವರನ್ನಲ್ಲ. "ನನ್ನ ಮೈಗೆ ಒಗ್ಗಲಿಲ್ಲ" ಎನ್ನುತ್ತಾರೆ. ಕಳೆದುಕೊಂಡ ದುಡ್ಡಿನ ಮೇಲೆ ಸ್ವಂತ ದೇಹದ ಮೇಲಿನ ಬೇಸರವನ್ನೂ ಹೊರುತ್ತಾರೆ.

ನೋವು ಇಳಿಯಬಹುದು, ಮಂಡಿ ಹೊಸದಾಗುತ್ತದೆಂದು ನೆಚ್ಚಬೇಡಿ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬಿಡಬೇಡಿ, ತೂಕ ಹೆಚ್ಚಿದ್ದರೆ ಇಳಿದಷ್ಟೂ ಒಳ್ಳೆಯದು, ತೀರಾ ಆಗದಿದ್ದರೆ ಕೀಲು ಬದಲಿಸುವ ಆಪರೇಷನ್ ಇದೆ. ಇಷ್ಟನ್ನು ಹೇಳಲು ವೈದ್ಯರಿಗೆ ಎರಡು ನಿಮಿಷ ಸಾಕು. ಕೇಳಿಸಿಕೊಂಡ ಮೇಲೂ ಇಂಜೆಕ್ಷನ್ ಬೇಕೆನ್ನುವವರು ತಿಳಿದೇ ಮಂಡಿ ಒಡ್ಡಿದಂತಾಗುತ್ತದೆ.