ತುಂಬಿದ ಡಬ್ಬಿಯೂ ಸುಳ್ಳು ಹೇಳುತ್ತದಾ?

ಸಂಡೂರಿನಲ್ಲಿದ್ದಾಗ ನನ್ನ ಹತ್ತಿರ ಒಂದು ಹಳೇ ಸ್ಪೋರ್ಟ್ಸ್ ಕಾರ್ ಇತ್ತು. ಕ್ಲಚ್ ಫ್ಲೂಯಿಡ್ ಪದೇ ಪದೇ ಸೋರುತ್ತಿತ್ತು. ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್ ಎರಡು ಸಲ ಬದಲಾಯಿಸಿದೆ, ನಿಲ್ಲಲಿಲ್ಲ. ಆಮೇಲೆ ವಾರಕ್ಕೊಮ್ಮೆ ಡಬ್ಬಿ ತುಂಬಿಸಿ ಓಡಿಸ್ತಾ ಇದ್ದೆ.

ಮಾರೋಕೆ ಇಟ್ಟಾಗ ಸಭೆಯ ತಮ್ಮನೊಬ್ಬ ಬಂದ. ಬಾನೆಟ್ ಎತ್ತಿ, "ಅಣ್ಣಾ, ಲೆವೆಲ್ ಫುಲ್ ಇದೆ, ತೊಂದ್ರೆ ಏನೂ ಇಲ್ವಲ್ಲಾ?" ಅಂದ. ಅವತ್ತು ಬೆಳಿಗ್ಗೆ ತಾನೇ ತುಂಬಿಸಿದ್ದೆ. ನನ್ನ ಬಾಯಿ ಸುಳ್ಳು ಹೇಳಿರಲಿಲ್ಲ. ನನ್ನ ಪರವಾಗಿ ಡಬ್ಬಿ ಹೇಳಿತ್ತು.

ಘಾಟಿಯಲ್ಲಿ, ಅದಿರು ಲಾರಿಯ ಹಿಂದೆ, ಅವನಿಗೆ ಕ್ಲಚ್ ಕೈಕೊಟ್ಟರೆ? "ಇಲ್ಲಪ್ಪಾ, ಸೋರುತ್ತೆ" ಅಂದುಬಿಟ್ಟೆ.

ಇಬ್ಬರೂ ಮೆಕ್ಯಾನಿಕ್ ಹತ್ತಿರ ಹೋದ್ವಿ. ಅದಿರಿನ ಕೆಂಪು ಧೂಳು ಒದ್ದೆ ಇದ್ದಲ್ಲೇ ಅಂಟುತ್ತೆ ನೋಡಿ. ಅವರು ಆ ಕೆಂಪು ಗೆರೆ ಹಿಡಿದು ಕೆಳಗಿನಿಂದ ಮೇಲಕ್ಕೆ ಹೋದರು. ಎಲ್ಲ ಒರೆಸಿ ಒಣಗಿಸಿ, ನನ್ನಿಂದ ಪೆಡಲ್ ತುಳಿಸಿದರು. ಪೆಡಲ್ ಬಳಿಯ ಮಾಸ್ಟರ್ ಸಿಲಿಂಡರ್ ಒದ್ದೆಯಾಯಿತು! ಅಲ್ಲಿ ಸೋರಿದ್ದು ಪೈಪ್ ಗುಂಟ ಇಳಿದು ಸ್ಲೇವ್ ಹತ್ತಿರ ಹನಿಯುತ್ತಿತ್ತು. ಹಳೇ ಫ್ಲೂಯಿಡ್ ತೇವ ಹೀರಿ, ಸಿಲಿಂಡರ್ ಒಳಗೋಡೆ ತುಕ್ಕು ತಿಂದಿತ್ತು. ಬರೀ ಹೊಸ ಸೀಲ್ ಹಾಕಿದ್ದರೆ ಅದೂ ಸವೆಯುತ್ತಿತ್ತು. ಸಿಲಿಂಡರನ್ನೇ ಬದಲಾಯಿಸಿದೆವು, ಖರ್ಚು ನನ್ನದು.

ತುಂಬಿಸೋದು ತಪ್ಪಲ್ಲ. ತುಂಬಿಸಿ ಸುಮ್ಮನಿರೋದು ತಪ್ಪು. ನಿಮ್ಮ ಮನೆಯಲ್ಲಿ, ಆಫೀಸಲ್ಲಿ, ಯಾವ ಡಬ್ಬಿಯನ್ನು ಯಾರ ಕಣ್ಣಿಗೋಸ್ಕರ ತುಂಬಿಸ್ತಾ ಇದ್ದೀರಿ?